ಕಾರ್ಟೂನ್ ಬಿಟ್ಟು ಕ್ಯಾಬರೆಗೆ ಯಾಕೆ ಹೋದರು?

ನಾವಿರುವುದು ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೇನ್‌ನಲ್ಲಿ. ಮನೆಗೆ ಬಂದವರು ಮಗಳ ಪುಸ್ತಕ ತಿರುವಿಹಾಕುತ್ತಾ "ಈ ಚಿತ್ರ ಯಾರದ್ದು?" ಅನ್ನುತ್ತಾರೆ. ವಿಮ್ ಬೈಮೂರ್ ಅಂತ, ಪೇಪರಿನಲ್ಲಿ ವ್ಯಂಗ್ಯಚಿತ್ರ ಬರೆಯುತ್ತಿದ್ದರು, ಆಮೇಲೆ ಕ್ಯಾಬರೆಗೆ, ನಾಟಕಕ್ಕೆ ಹೋದರು ಅನ್ನುತ್ತೇನೆ. ತಕ್ಷಣ ಮುಂದಿನ ಪ್ರಶ್ನೆ: "ಅಂಥಾ ಕೆಲಸ ಬಿಟ್ಟು ಕ್ಯಾಬರೆಗೆ ಯಾಕ್ರೀ ಹೋದ್ರು?"

ತೊಡಕು ಮೊದಲು ಆ ಪದದಲ್ಲೇ ಇದೆ. ನಮಗೆ ಕ್ಯಾಬರೆ ಅಂದರೆ ಹಳೆಯ ಸಿನಿಮಾದ ಖಳನಾಯಕನ ಅಡ್ಡೆ, ಮಿನುಗುವ ಬಟ್ಟೆ, ಕುಣಿತ. ಡಚ್ಚರಿಗೆ ಅದು ಮಾತಿನ ಕಲೆ. ಒಬ್ಬರೋ ನಾಲ್ಕಾರು ಮಂದಿಯೋ ವೇದಿಕೆಯಲ್ಲಿ ನಿಂತು ಹಾಡು, ಹರಟೆ, ಅಣಕದಲ್ಲಿ ದೇಶದ ಸುದ್ದಿಯನ್ನೆಲ್ಲ ಜಾಲಾಡುತ್ತಾರೆ. 1954ರ ಡಿಸೆಂಬರ್ 31ರ ರಾತ್ರಿ ವಿಮ್ ಕಾನ್ ಎಂಬ ಕ್ಯಾಬರೆ ಕಲಾವಿದರು ರೇಡಿಯೊದಲ್ಲಿ ಆ ವರ್ಷದ ರಾಜಕೀಯವನ್ನು ಹೀಗೆ ಹರಡಿಟ್ಟರು. ವರ್ಷದ ಕೊನೆಯ ರಾತ್ರಿ ಕ್ಯಾಬರೆ ಹಾಕಿಕೊಂಡು ಕೂರುವುದು ಇಲ್ಲಿ ಇಂದಿಗೂ ಮನೆಮನೆಯ ರೂಢಿ. ಅಂದರೆ ಅದು ಬಾಯಿಂದ ಓದುವ ಪತ್ರಿಕೆ.

ಬೈಮೂರ್ (1914–2000) ಕೆಲಸ ಮಾಡಿದ್ದು 'ಹೆಟ್ ಪರೋಲ್' ಪತ್ರಿಕೆಗೆ. ಜರ್ಮನ್ ಆಕ್ರಮಣದ ಕಾಲದಲ್ಲಿ, 1941ರಲ್ಲಿ, ಕದ್ದುಮುಚ್ಚಿ ಅಚ್ಚಾಗಲು ಶುರುವಾದ ಪತ್ರಿಕೆ ಅದು. ಅದನ್ನು ನಡೆಸಿದ್ದಕ್ಕೆ ಜನ ಗುಂಡಿಗೆ ಬಲಿಯಾದರು. ಅಧಿಕಾರದಲ್ಲಿರುವವರನ್ನು ನೋಡಿ ಐದು ವರ್ಷ ಗಟ್ಟಿಯಾಗಿ ನಗಲಾಗದೆ ಬದುಕಿದ ಊರು ಆಮ್‌ಸ್ಟರ್‌ಡ್ಯಾಮ್. ಬಿಡುಗಡೆ ಸಿಕ್ಕಾಗ ಆ ನಗುವೆಲ್ಲ ಪತ್ರಿಕೆಯೊಳಗೆ ಹಿಡಿಸುವಂತಿರಲಿಲ್ಲ. ಕಾಗದದ ಬರ ಬೇರೆ, ಇದ್ದದ್ದೇ ಕೆಲವು ಪುಟ. ಪರೋಲ್‌ನ ಪತ್ರಕರ್ತರು ತಾವೇ ಸೇರಿ ಒಂದು ಕ್ಯಾಬರೆ ತಂಡ ಕಟ್ಟಿದರು, ಹೆಸರು 'ಡೆ ಇಂಕ್ಟ್‌ಫಿಸ್'. ಪದ ಬಿಡಿಸಿದರೆ ಶಾಯಿ ಮೀನು, ಕರಾವಳಿಯವರ ಬೊಂಡಾಸ. ಶಾಯಿಯಲ್ಲೇ ಬದುಕುವ ಪತ್ರಕರ್ತರಿಗೆ ಇದಕ್ಕಿಂತ ಒಪ್ಪುವ ಹೆಸರು ನನಗಂತೂ ಹೊಳೆಯುವುದಿಲ್ಲ. ಪತ್ರಿಕೆಯ ದಾಖಲೆ ವಿಭಾಗದಲ್ಲಿ ತುಣುಕು ಕತ್ತರಿಸಿಡುತ್ತಿದ್ದ ಆನ್ನಿ ಎಂ.ಜಿ. ಶ್ಮಿತ್ ಅದಕ್ಕೆ ಹಾಡು ಬರೆದುಕೊಟ್ಟರು. ಮುಂದೆ ಅವರು ಡಚ್ ಮಕ್ಕಳ ಸಾಹಿತ್ಯದ ದೊಡ್ಡ ಹೆಸರಾದರು. ಆ ತಂಡದಲ್ಲಿ ಬೈಮೂರ್ ಕೂಡ ಇದ್ದರು. ಹಾಗಾಗಿ ಅವರು ಪತ್ರಿಕೆ ಬಿಟ್ಟು ಎಲ್ಲೋ ಹೊರಟುಹೋದರು ಅನ್ನುವುದೇ ತಪ್ಪು. ಪತ್ರಿಕೆಯ ಕಚೇರಿಯೇ ಎದ್ದು ವೇದಿಕೆಗೆ ನಡೆದಿತ್ತು. ಮುಂದೆ ಬೈಮೂರ್ ನಾಟಕಗಳಿಗೆ ಮಾಡಿದ ರಂಗಸಜ್ಜಿಕೆ, ವೇಷಭೂಷಣದ ವಿನ್ಯಾಸವೆಲ್ಲ ಅದರ ಮುಂದುವರಿಕೆ.

ವ್ಯಂಗ್ಯಚಿತ್ರಕ್ಕೂ ಕ್ಯಾಬರೆಗೂ ನಂಟು ಇನ್ನೂ ಹಳೆಯದು. ಪ್ಯಾರಿಸ್‌ನಲ್ಲಿ 1881ರಲ್ಲಿ ಶುರುವಾದ 'ಷಾ ನ್ವಾರ್' ಕ್ಯಾಬರೆಯಲ್ಲಿ ನೆರಳಾಟ ನಡೆಯುತ್ತಿತ್ತು. ಕಾರಾನ್ ದಾಷ್ ಎಂಬ ವ್ಯಂಗ್ಯಚಿತ್ರಕಾರ ನೆಪೋಲಿಯನ್ನನ ಸೈನ್ಯವನ್ನೇ ಅಲ್ಲಿನ ಪರದೆಯ ಮೇಲೆ ನಡೆಸಿದ. ಅಲ್ಲಿನ ಆಕೃತಿಗಳನ್ನು ಸತುವಿನ ತಗಡಿನಲ್ಲಿ ಕತ್ತರಿಸುತ್ತಿದ್ದರು. ಪತ್ರಿಕೆಯ ಗೆರೆಚಿತ್ರವೂ ಅಚ್ಚಾಗುತ್ತಿದ್ದದ್ದು ಸತುವಿನ ಫಲಕದಿಂದಲೇ. ನಮ್ಮ ಮುದ್ರಣಾಲಯಗಳಲ್ಲಿ 'ಬ್ಲಾಕ್ ಮಾಡಿಸುವುದು' ಅನ್ನುತ್ತಿದ್ದರಲ್ಲ, ಅದೇ. ಬೇಡದ ಜಾಗವನ್ನೆಲ್ಲ ಆಮ್ಲ ತಿಂದುಹಾಕುತ್ತದೆ, ಗೆರೆ ಮಾತ್ರ ಉಬ್ಬಿ ನಿಲ್ಲುತ್ತದೆ. ನಡುವೆ ಬೂದು ಬಣ್ಣಕ್ಕೆ ಜಾಗವಿಲ್ಲ. ಇದ್ದರೆ ಕಪ್ಪು, ಇಲ್ಲದಿದ್ದರೆ ಖಾಲಿ. ಯಾವುದನ್ನು ಬಿಡಬೇಕು ಅನ್ನುವುದು ಈ ಕೆಲಸದವರಿಗೆ ಕೈಗೇ ಗೊತ್ತಿರುತ್ತದೆ.

ಇದು ನನಗೆ ಅರ್ಥವಾಗಿದ್ದು ರಾಜ್ಯೋತ್ಸವದ ನಾಟಕಕ್ಕೆ ಒಂದು ಕಿಟಕಿ ಬರೆಯುವಾಗ. ಎಂಟಡಿ ಪ್ಲೈವುಡ್. ಸರಳು, ಚಿಲಕ, ಚೌಕಟ್ಟಿನ ಮರದ ನಾರು, ಒಂದನ್ನೂ ಬಿಡದೆ ಎರಡು ಭಾನುವಾರ ಕೂತು ಬರೆದಿದ್ದೆ. ನಾಟಕ ಆಡಿಸುವ ಹಿರಿಯರು ಕೊನೆಯ ಸಾಲಿನಲ್ಲಿ ಕೂತು, "ಕಿಟಕಿ ಎಲ್ಲಮ್ಮಾ?" ಅಂದರು. ಹೋಗಿ ಪಕ್ಕದಲ್ಲಿ ಕೂತೆ. ಅಲ್ಲಿಂದ ಕಂಡದ್ದು ಕಂದು ಬಣ್ಣದ ಮಬ್ಬು ಅಷ್ಟೇ. ಅಂದು ರಾತ್ರಿ ಪೂರ್ತಿ ಬಿಳಿ ಬಳಿದು, ಎರಡಿಂಚಿನ ಬ್ರಷ್ಷಿನಲ್ಲಿ ನಾಲ್ಕು ಸರಳು ಎಳೆದೆ. ಒಂದು ಪಕ್ಕಕ್ಕೆ ಪರದೆಯ ತುದಿ ಹಾರಿಸಿದೆ. ಬೇರೇನೂ ಬರೆಯಲಿಲ್ಲ. ಮರುದಿನ ಕೊನೆಯ ಸಾಲಿನಿಂದ ಕಿಟಕಿಯೂ ಕಂಡಿತು, ಗಾಳಿಯೂ ಕಂಡಿತು.

ಎಂಟಡಿಗೆ ದಾರಿ ತೋರಿಸಿದ್ದು ಅಂಗೈಯಗಲದ ಚಿತ್ರಗಳು. ಬ್ರಷ್ ಹಿಡಿದಾಗ ನೆಲದ ಮೇಲೆ ತೆರೆದಿಟ್ಟುಕೊಂಡದ್ದು 'ಹೆಟ್ ಫ್ಲೌಟ್‌ಕೇಟಲ್ಚೆ', 'ಸೀಟಿ ಹೊಡೆಯುವ ಪುಟ್ಟ ಕೆಟಲ್'. ಶ್ಮಿತ್ ಅವರ ಪದ್ಯ, ಬೈಮೂರ್ ಅವರ ಚಿತ್ರ, 1950ರಲ್ಲಿ ಮೊದಲು ಬಂದದ್ದು. ಮನೆಯವರೆಲ್ಲ ಹೊರಗೆ ಹೋಗಿದ್ದಾರೆ, ಒಲೆಯ ಮೇಲೆ ಕೆಟಲ್ ಒಂದೇ ಸಮನೆ ಸೀಟಿ ಹೊಡೆಯುತ್ತದೆ. ಆ ಪುಟದ ಅಂಚಿನಲ್ಲಿ ಈಗ ಕಂದು ಬಣ್ಣದ ಒಂದು ಹನಿ ಇದೆ. ಮಗಳು ಓದುವಾಗ ಅದರ ಮೇಲೆ ಬೆರಳಿಟ್ಟು, "ಇದು ನಿಂದು" ಅಂದು, ಮುಂದಿನ ಸಾಲಿಗೆ ಹೋಗುತ್ತಾಳೆ.