ಕಿವಿಗೆ ಕೇಳದ ಟ್ಯಾಪೆಟ್

"ಗೇಜಾ? ಅದೆಲ್ಲ ಯಾರು ಹಾಕ್ತಾರೆ ಮಾರಾಯ್ರೆ, ನಮಗೆ ಕಿವಿಯಲ್ಲೇ ಗೊತ್ತಾಗ್ತದೆ."

ಈ ವಾರ ಪೂರ್ತಿ ತಲೆಯಲ್ಲಿ ಇದೊಂದೇ ಮಾತು. ಇಂಜಿನ್ನಿನ ಟ್ಯಾಪೆಟ್ ಗ್ಯಾಪ್ ಅಳೆಯುವ ಗೇಜ್ ಕೇಳಿದ್ದಕ್ಕೆ ಹೀಗೆ ಹೇಳಿದ್ದು ಶಿರಸಿ ಪೇಟೆಯ ಒಬ್ಬ ಮೆಕ್ಯಾನಿಕ್. ಕೆಟ್ಟ ಮನುಷ್ಯ ಅಲ್ಲ. ರಾತ್ರಿ ಹೊತ್ತು ಗಾಡಿ ಕೈಕೊಟ್ಟಿತು ಅಂತ ಫೋನ್ ಮಾಡಿದರೂ ಬೇಜಾರು ಮಾಡದೆ ಎದ್ದು ಬರುವವರು. ಆದರೆ ಆ ಮಾತು ಮಾತ್ರ ನನಗೆ ಜೀರ್ಣ ಆಗಲಿಲ್ಲ.

ನಮ್ಮ ಹಳೇ ಓಮ್ನಿಯ ಹೆಡ್ ಕವರಿನಿಂದ, ಅಂದರೆ ಇಂಜಿನ್ನಿನ ಮೇಲಿನ ಮುಚ್ಚಳದಿಂದ, ಎಣ್ಣೆ ಸೋರುತ್ತಿತ್ತು. ಓಮ್ನಿ ಇಟ್ಟವರಿಗೆ ಇದರ ಕಷ್ಟ ಗೊತ್ತು. ಇಂಜಿನ್ ಇರುವುದೇ ಮುಂದಿನ ಸೀಟಿನ ಅಡಿಗೆ, ಸೋರಿದ ಎಣ್ಣೆ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ವಾಸನೆ ಸೀದಾ ಮೂಗಿಗೆ. ಕುಮಟೆಯಿಂದ ವಾಪಸ್ ಬರುವಾಗ ದೇವಿಮನೆ ಘಟ್ಟ ಹತ್ತುವಷ್ಟು ಹೊತ್ತೂ ಆಯಿ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಕೂತಿದ್ದಳು. ಇನ್ನು ತಡ ಮಾಡಬಾರದು ಅನಿಸಿತು.

ಸೋರದ ಹಾಗೆ ಅಂಚಿಗೆ ಕೂರಿಸುವ ಪ್ಯಾಕಿಂಗ್ ಬದಲಿಸಲು ಕವರ್ ಬಿಚ್ಚಲೇಬೇಕು, ಬಿಚ್ಚಿದ ಮೇಲೆ ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಗ್ಯಾಪ್ ಸರಿಮಾಡುವ ಜಾಗ, ಕಣ್ಣೆದುರಿಗೇ ಇರುತ್ತದೆ. ಎರಡೂ ಕೆಲಸ ಮನೆಯಲ್ಲೇ ಮಾಡುವ ಅಂದುಕೊಂಡು, ಆ ಗ್ಯಾಪ್ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಒಂದು ದಿನದ ಮಟ್ಟಿಗೆ ಕೊಡ್ತೀರಾ ಅಂತ ಕೇಳಲು ಗ್ಯಾರೇಜಿಗೆ ಹೋಗಿದ್ದೆ. ಆಗ ಬಂದದ್ದು ಆ ಉತ್ತರ. ಕೊನೆಗೆ ಹೊಸ ಗೇಜನ್ನೇ ಕೊಂಡೆ. ಸ್ಪೇರ್ ಪಾರ್ಟ್ಸ್ ಅಂಗಡಿಯವರು ಪ್ಯಾಕಿಂಗ್ ಜೊತೆ ಬೋಲ್ಟಿನ ಅಡಿಗೆ ಹಾಕುವ ರಬ್ಬರ್ ವಾಶರ್‌ಗಳನ್ನೂ ಕೊಟ್ಟು, ಇದು ಹಳತೇ ಇದ್ದರೆ ಮತ್ತೆ ಸೋರುತ್ತದೆ ಅಂದರು. ಕೇಳದೆಯೇ ಇಷ್ಟು ಹೇಳುವ ಅಂಗಡಿಯವರು ಈಗ ಎಷ್ಟು ಜನ ಇದ್ದಾರೆ?

ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ಸೀಟು ಎತ್ತಿದೆವು. ಹಳೇ ಪ್ಯಾಕಿಂಗ್ ಬಗ್ಗಿಸಿದರೆ ಪಟ್ ಅಂತ ಮುರಿಯಿತು. ಹಿಂದೆ ಯಾರೋ ಅದರ ಮೇಲೆ ಸೋರಿಕೆ ತಡೆಯುವ ಅನಾಬಾಂಡ್ ಅಂಟನ್ನು ಸಿಕ್ಕಾಪಟ್ಟೆ ಮೆತ್ತಿದ್ದರು. ಬ್ರೀದರ್ ಹೋಸಿನ ಒಳಗೆ ಕಪ್ಪು ಜಿಡ್ಡು ಕಟ್ಟಿಕೊಂಡಿತ್ತು. ಅದು ಕಟ್ಟಿದರೆ ಇಂಜಿನ್ನಿನ ಒಳಗಿನ ಗಾಳಿಗೆ ದಾರಿ ಇಲ್ಲ, ಒತ್ತಡ ಎಣ್ಣೆಯನ್ನು ಅಂಚಿನಿಂದ ಹೊರಗೆ ನೂಕುತ್ತದೆ. ಎಷ್ಟು ಅನಾಬಾಂಡ್ ಹಚ್ಚಿದರೂ ಉಪಯೋಗ ಇಲ್ಲ.

ತಳ್ಳಿದರೆ ಇಂಜಿನ್ ಹಗುರಾಗಿ ತಿರುಗಲಿ ಅಂತ ಸ್ಪಾರ್ಕ್ ಪ್ಲಗ್ ಬಿಚ್ಚಿ ನಾಲ್ಕನೇ ಗೇರಿಗೆ ಹಾಕಿದೆ. ಅಪ್ಪಯ್ಯ ಹಿಂದಿನಿಂದ ಸ್ವಲ್ಪ ಸ್ವಲ್ಪವೇ ತಳ್ಳಿದ. ಗಾಡಿ ಅಂಗಳದಲ್ಲಿ ಮುಂದೆ ಹೋದ ಹಾಗೆ, ರಾಕರ್ ಮೂಲಕ ವಾಲ್ವ್ ತೆರೆಸುವ ಕ್ಯಾಮ್ ತಿರುಗುವುದು ಕಾಣುತ್ತದೆ. ಮೂರು ಸಿಲಿಂಡರ್, ಆರು ವಾಲ್ವ್. ಒಂದು ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿದ ಜಾಗಕ್ಕೆ ಬಂದಾಗ ರಾಕರ್ ಹಿಡಿದು ಅಲ್ಲಾಡಿಸಿದರೆ ಬೆರಳಿಗೆ ಒಂಚೂರು ಸಡಿಲ ಸಿಗಬೇಕು. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನಲ್ಲಿ ಏನೂ ಸಿಗಲಿಲ್ಲ. ಗೇಜಿನ ತೀರಾ ತೆಳು ಪಟ್ಟಿ, 0.05 ಮಿಮೀಯದ್ದು, ಅದೂ ಒಳಗೆ ಹೋಗಲಿಲ್ಲ. ಉಳಿದವೂ ಬಿಗಿಯಾಗೇ ಇದ್ದವು. ಎದೆ ಧಸಕ್ ಅಂದಿತು.

ಯಾಕೆಂದರೆ ಸಡಿಲ ಇದ್ದ ಟ್ಯಾಪೆಟ್ ಟಕ ಟಕ ಅನ್ನುತ್ತದೆ, ಅಷ್ಟೇ. ಬಿಗಿ ಆದದ್ದು ಏನೂ ಅನ್ನುವುದಿಲ್ಲ. ಬಿಸಿಯಾದಾಗ ಲೋಹ ಹಿಗ್ಗುತ್ತದೆ, ಗ್ಯಾಪ್ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಎಕ್ಸಾಸ್ಟ್ ವಾಲ್ವಿನ ತಲೆ ಸುಮಾರು 700 ಡಿಗ್ರಿವರೆಗೂ ಕಾಯುತ್ತದೆ. ಆ ಬಿಸಿಯನ್ನು ಅದು ಬಿಟ್ಟುಕೊಡುವುದು ಹೆಚ್ಚಾಗಿ ಮುಚ್ಚಿದಾಗ ತಾನು ಕೂರುವ ಅಂಚಿಗೆ, ಅಂದರೆ ವಾಲ್ವ್ ಸೀಟಿಗೆ ತಾಗಿ. ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ, ಅಷ್ಟರೊಳಗೆ ತಣಿಯಬೇಕು. ಸರಿಯಾಗಿ ತಾಗದಿದ್ದರೆ ಅಂಚು ಸುಟ್ಟು ಹೋಗುತ್ತದೆ. ಆಮೇಲೆ ಹೆಡ್ ಇಳಿಸುವ ಖರ್ಚು. ಸಾಲದ್ದಕ್ಕೆ, ವಾಲ್ವ್ ಸೀಟು ಸವೆದ ಹಾಗೆ ವಾಲ್ವ್ ಮೇಲಕ್ಕೆ ಬಂದು ಗ್ಯಾಪ್ ತನ್ನಷ್ಟಕ್ಕೇ ಇನ್ನೂ ಕಡಿಮೆ ಆಗುತ್ತದೆ.

ಹಾಗಾದರೆ ಕಿವಿಯಲ್ಲಿ ಏನು ಗೊತ್ತಾಗುತ್ತದೆ? ಆ ಮೆಕ್ಯಾನಿಕ್ ಕಿವಿ ಚುರುಕು, ಒಪ್ತೇನೆ. ಬೇರಿಂಗ್ ಹೋಗಿದ್ದನ್ನು ರಸ್ತೆಯಲ್ಲಿ ನಿಂತೇ ಹೇಳಿದವರು ಅವರು. ಆದರೆ ಸದ್ದೇ ಮಾಡದ ತೊಂದರೆ ಯಾರ ಕಿವಿಗೆ ಸಿಗುತ್ತದೆ? ಅಡಿಕೆ ಚೀಲ ಮಾರಾಟಕ್ಕೆ ಒಯ್ದಾಗ ಯಾರಾದರೂ ಕೈಯಲ್ಲಿ ಎತ್ತಿ ನೋಡಿ, ತೂಕ ಗೊತ್ತಾಯ್ತು ಅಂದರೆ ನಾವು ಸುಮ್ನೆ ಬಿಡ್ತೇವಾ?

ಅವರೊಬ್ಬರನ್ನೇ ದೂರುವುದೂ ಸರಿಯಲ್ಲ. ನಮ್ಮ ಗಾಡಿ ಹಿಂದಿನ ಸಲ ಅಲ್ಲಿಗೆ ಹೋದಾಗ "ಆ ಟಕ ಟಕ ಸದ್ದೊಂದು ತೆಗೆದುಬಿಡಿ" ಅಂದದ್ದು ಅಪ್ಪಯ್ಯನೇ. ಸದ್ದು ಹೋಯಿತು, ಅಪ್ಪಯ್ಯ ಖುಷಿಯಿಂದ ದುಡ್ಡು ಕೊಟ್ಟು ಬಂದ. ಗೇಜ್ ಹಾಕಬೇಕೆಂದರೆ ಇಂಜಿನ್ ತಣ್ಣಗಾಗಬೇಕು, ಅದಕ್ಕೆ ತಾಸುಗಟ್ಟಲೆ ಬೇಕು. ಪೇಟೆಗೆ ಬಂದವನು ಗಾಡಿ ಬಿಸಿ ಇದ್ದ ಹಾಗೆಯೇ ತಂದು ನಿಲ್ಲಿಸಿ, ಕಿರಾಣಿ ಸಾಮಾನು ತಗೊಂಡು ಬರುವುದರೊಳಗೆ ಆಗಬೇಕು ಅಂತಾನೆ. ರಾತ್ರಿ ಗಾಡಿ ಬಿಟ್ಟು ಹೋಗಿ ಅಂದರೆ ಬೇರೆ ಗ್ಯಾರೇಜಿಗೆ ಹೋಗ್ತಾನೆ. ಸದ್ದು ನಿಂತರೆ ಒಳ್ಳೆ ಮೆಕ್ಯಾನಿಕ್, ಒಂಚೂರು ಉಳಿದರೆ ಕೆಲಸ ಬಾರದವನು. ಇಂಥ ಗಿರಾಕಿಗಳ ನಡುವೆ ಎಂಥವನಿಗೂ ಗೇಜ್ ಬೇಡ ಅನಿಸುತ್ತದೆ. ನನಗೆ ಬೇಜಾರಾಗುವುದು ಇದಕ್ಕೇ. ಇಷ್ಟು ಕೈಗುಣ ಇರುವ ಮನುಷ್ಯನಿಗೆ ಸರಿಯಾಗಿ ಅಳೆದು ಕೆಲಸ ಮಾಡಲು ನಾವು ಪುರಸೊತ್ತೇ ಕೊಡಲಿಲ್ಲ.

ಸೆಟ್ಟಿಂಗ್ ಮಾಡುವಾಗ ಅವಸರ ನಡೆಯುವುದಿಲ್ಲ. ಪಟ್ಟಿ ಎಳೆದರೆ ಸ್ವಲ್ಪ ಹಿಡಿದ ಹಾಗೆ ಆಗಬೇಕು, ಸಿಕ್ಕಿಕೊಳ್ಳಬಾರದು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಜೊತೆಗೇ ತಿರುಗುತ್ತದೆ, ಅದನ್ನು ಸ್ಕ್ರೂಡ್ರೈವರಿನಲ್ಲಿ ಗಟ್ಟಿ ಹಿಡಿದು, ನಟ್ ಬಿಗಿದ ಮೇಲೆ ಪಟ್ಟಿ ಹಾಕಿ ಮತ್ತೊಮ್ಮೆ ನೋಡಬೇಕು. ಕವರಿನ ಬೋಲ್ಟಿಗೆ ಜೋರು ಹಾಕಲಿಲ್ಲ. ಜಾಸ್ತಿ ಬಿಗಿದರೆ ಪ್ಯಾಕಿಂಗ್ ಪಕ್ಕಕ್ಕೆ ಜಾರಿ ಮತ್ತೆ ಅಲ್ಲೇ ಸೋರುತ್ತದೆ.

ಸ್ಟಾರ್ಟ್ ಮಾಡಿದಾಗ ಅಪ್ಪಯ್ಯ ಕಿವಿ ಕೊಟ್ಟು ನಿಂತ. "ಸದ್ದು ಬತ್ತಾ ಇದ್ದಲೋ ತಮಾ."

"ಬರವು ಅಪ್ಪಯ್ಯ." ಇಷ್ಟು ಸಣ್ಣ ಟಿಕ್ ಟಿಕ್ ಇರಲೇಬೇಕು ಅಂದೆ. ಅವನಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ನಿನ್ನೆ ದೇವಿಮನೆ ಘಟ್ಟ ಇಳಿದು ಹತ್ತಿ ಬಂದೆವು. ಎಣ್ಣೆ ವಾಸನೆ ಇಲ್ಲ. ಮನೆಗೆ ಬಂದು ಕವರಿನ ಅಂಚಿಗೆ ಪೇಪರ್ ಒತ್ತಿ ನೋಡಿದರೆ ಒಣಗಿಯೇ ಇತ್ತು. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಬುಡದಲ್ಲಿ ಮಾತ್ರ ಚೂರು ಒದ್ದೆ ಇದೆ, ಅಲ್ಲಿರುವುದು ಬೇರೆ ರಬ್ಬರ್ ಬಳೆ, ಓ-ರಿಂಗ್. ಮಳೆ ಹಿಡಿಯುವ ಮೊದಲು ಅದನ್ನೂ ಬದಲಿಸಬೇಕು.