ಬೆನ್ನಿನ ಮುಳ್ಳು ಕೊನೆಗೂ ಫೋಕಸ್‌ಗೆ ಸಿಕ್ಕಿತು

ಚಿತ್ರದುರ್ಗದ ಜೋಗಿಮಟ್ಟಿಯ ಹಾರ್ವೆಸ್ಟ್‌ಮನ್‌ನ (ಜೇಡದಂತೆ ಕಾಣುವ, ಎಂಟು ಕಾಲಿನ ಜೀವಿ) ಕಣ್ಣಿನ ದಿಬ್ಬ, ಬೆನ್ನಿನ ಮುಳ್ಳು ಎರಡೂ ಒಂದೇ ಫೋಟೋದಲ್ಲಿ ಚೂಪಾಗಿ ಬಂದಿವೆ. ಖುಷಿ ತಡೆಯಲಾಗುತ್ತಿಲ್ಲ!

ಕಾಟ ಕೊಟ್ಟಿದ್ದು ಇವುಗಳ ಕುಣಿತ. ಟ್ರೈಪಾಡ್ ಕಾಲು ಬಂಡೆಗೆ ತಾಗಿದರೆ ಸಾಕು, ಗುಂಪಿಗೆ ಗುಂಪೇ ಮೈ ಮೇಲೆ ಕೆಳಗೆ ಆಡಿಸಲು ಶುರು. ಬೇರೆ ಬೇರೆ ಫೋಕಸ್‌ನ ಹಲವು ಫೋಟೋಗಳನ್ನು ಒಂದಾಗಿ ಬೆಸೆದು ಸ್ಟ್ಯಾಕ್ ಮಾಡಿದರೆ ಒಂದು ಮುಳ್ಳು ಮೂರಾಗುತ್ತಿತ್ತು. ಈಗ ಸ್ಟ್ಯಾಕಿಂಗನ್ನೇ ಬಿಟ್ಟಿದ್ದೇನೆ. ದಿಬ್ಬವೂ ಮುಳ್ಳೂ ಇರುವುದು ಮೈಯ ನಡುಗೆರೆಯಲ್ಲಿ, ಅಲ್ವಾ? ಸರಿಯಾಗಿ ಪಕ್ಕದಿಂದ ಹಿಡಿದರೆ ಎರಡೂ ಒಂದೇ ಫೋಕಸ್‌ನಲ್ಲಿ ಬರುತ್ತವೆ. ಫ್ಲ್ಯಾಶ್ ಪವರ್ ಇಳಿಸಿ ಹತ್ತಿರ ತಂದರೆ ಬೆಳಕು ಕ್ಷಣಮಾತ್ರ ಮಿಂಚಿ ಕುಣಿತವೂ ನಿಲ್ಲುತ್ತದೆ. ಸ್ಕೇಲ್ ಇಡುವ ಗೋಜೂ ಇಲ್ಲ, ಮುಳ್ಳು ದಿಬ್ಬದ ಎಷ್ಟು ಪಟ್ಟು ಎಂದು ಅಳೆದರಾಯಿತು.

ಫ್ಲ್ಯಾಶ್ ಬೆಳಕನ್ನು ಮೆದುವಾಗಿಸುವ ಡಿಫ್ಯೂಸರ್ ಶೀಟ್ ಮಾತ್ರ ಕೇಳಬೇಡಿ. ಆನ್‌ಲೈನ್‌ನಲ್ಲಿ ತರಿಸಿದ್ದು ಹಳದಿ ತಿರುಗಿತ್ತು, ವಾಪಸ್ ತಗೊಳ್ಳಲ್ಲ ಅಂದರು. ಕೊನೆಗೆ ದಾವಣಗೆರೆಯ ಸ್ಟೇಷನರಿ ಅಂಗಡಿಯ ಟ್ರೇಸಿಂಗ್ ಪೇಪರೇ ಗತಿಯಾಯಿತು. ಅಂದಹಾಗೆ ಮುಂದಿನ ಕೆಲಸ ದುರ್ಗದ ಬಂಡೆಗಳ ಚೇಳು. ಯುವಿ ಟಾರ್ಚ್ ಬಿಟ್ಟರೆ ಹಸಿರು-ನೀಲಿಯಾಗಿ ಹೊಳೆಯುತ್ತವಲ್ಲ, ಟಾರ್ಚ್ ಆಗಲೇ ಆರ್ಡರ್ ಮಾಡಿದೆ.

ಈ ಮುಳ್ಳಿಗಾಗಿ ಇಷ್ಟು ಹಟ ಯಾಕೆಂದರೆ, ದಾವಣಗೆರೆ ಕಡೆಯ ಕೊಂಡಜ್ಜಿ ಕಾಡಿನಲ್ಲೂ ಇಂಥದ್ದೇ ಹಾರ್ವೆಸ್ಟ್‌ಮನ್ ಇದೆ, ಆದರೆ ಮುಳ್ಳು ಗಿಡ್ಡ. ಜೇಡದ ಮರಿ ನೂಲು ಬಿಟ್ಟು ಗಾಳಿಯಲ್ಲಿ ಹಾರಿಹೋಗಬಲ್ಲದು. ಹಾರ್ವೆಸ್ಟ್‌ಮನ್‌ಗೆ ನೂಲೇ ಇಲ್ಲ. ಒಣ ಹವೆಗೆ ಬೇಗ ಸೊರಗುವ ಪ್ರಾಣಿ ನಡುವಿನ ಮೆಕ್ಕೆಜೋಳದ ಬಯಲನ್ನು ಬೇಸಿಗೆಯಲ್ಲಿ ನಡೆದು ದಾಟುವುದು ಹೇಗೆ? ಹಾಗೆ ಬೇರೆಯಾದ ಗುಂಪುಗಳು ಕಾಲ ಕಳೆದಂತೆ ಬೇರೆ ರೂಪ ತಾಳಬಹುದು.

ಹಾಗಂತ ಮುಳ್ಳು ನೋಡಿ ಎರಡು ಪ್ರಭೇದ ಎನ್ನಲಾರೆ. ಜರ್ಮನಿಯ ಪ್ರಾಣಿವಿಜ್ಞಾನಿ ಕಾರ್ಲ್ ಫ್ರೆಡ್ರಿಕ್ ರೋವರ್ ಮುಳ್ಳು, ಗುಬುಟು, ಪಾದದ ಗೆಣ್ಣು ಎಣಿಸಿಯೇ ಭಾರತದ ಎಷ್ಟೋ ಹಾರ್ವೆಸ್ಟ್‌ಮನ್‌ಗಳಿಗೆ ಹೆಸರಿಟ್ಟರು. ಈ ಲಕ್ಷಣಗಳು ಒಂದೇ ಗುಂಪಿನೊಳಗೂ ಬದಲಾಗುತ್ತವೆ ಎಂದು ತಿಳಿದ ಮೇಲೆ ಅವರ ಅನೇಕ ಕುಲಗಳು ಬಿದ್ದುಹೋದವು. ಗಟ್ಟಿ ಉತ್ತರಕ್ಕೆ ಗಂಡಿನ ಜನನಾಂಗವನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಬೇಕು. ಜೋಗಿಮಟ್ಟಿ ವನ್ಯಧಾಮ, ಅನುಮತಿಯಿಲ್ಲದೆ ಒಂದನ್ನೂ ಹಿಡಿದು ತರುವಂತಿಲ್ಲ, ತರಲೂಬಾರದು.

ಹೊಸದುರ್ಗ, ಮೊಳಕಾಲ್ಮೂರು ಕಡೆಯವರು ಯಾರಾದರೂ ಇದ್ದರೆ ಪಕ್ಕದಿಂದ ತೆಗೆದ ಫೋಟೋ ಕಳಿಸಿ. ಫ್ರೇಮಿನಲ್ಲಿ ಕಾಲು ಕತ್ತರಿಸಿಹೋಗಿದ್ದರೂ ಪರವಾಗಿಲ್ಲ, ಮುಳ್ಳು ಕಂಡರೆ ಸಾಕು.