ಎಟೋಶಾದಲ್ಲಿ ಗಾಡಿ ನಿಲ್ಲಿಸಿ ಕೂರುವ ದಿನ

ನಮೀಬಿಯಾದ ಎಟೋಶಾ ರಾಷ್ಟ್ರೀಯ ಉದ್ಯಾನದಲ್ಲಿ ಸೆಪ್ಟೆಂಬರ್ ಅಂದರೆ ಮಳೆ ನಿಂತು ತಿಂಗಳುಗಳೇ ಕಳೆದಿರುತ್ತವೆ. ಮೊಪಾನೆ ಮರಗಳ ಕಾಡಿನ ಗುಂಡಿಗಳೆಲ್ಲ ಒಣಗಿ, ನೀರು ಉಳಿಯುವುದು ಉಪ್ಪುಬಯಲಿನ ದಕ್ಷಿಣ ಅಂಚಿನ ಒರತೆಗಳಲ್ಲಿ ಮತ್ತು ಬೋರ್‌ವೆಲ್ ಹೊಂಡಗಳಲ್ಲಿ. ಉದ್ಯಾನ 22 ಸಾವಿರ ಚದರ ಕಿ.ಮೀ. ದಾಟಿದರೂ ನೀರಿಗೆ ಬರುವ ಪ್ರಾಣಿಗಳನ್ನು ನೋಡಲು ಒಂದು ದಿನಕ್ಕೆ ಎರಡು ಹೊಂಡ ಧಾರಾಳ ಸಾಕು.

ಒಕೌಕ್ವೆಯೊ ಕ್ಯಾಂಪಿನ ಗೇಟು ಸೂರ್ಯ ಹುಟ್ಟುವಾಗ ತೆರೆದು ಮುಳುಗುವಾಗ ಮುಚ್ಚುತ್ತದೆ. ಗಾಡಿ ನಾವೇ ಓಡಿಸಬಹುದು, ನಮ್ಮಲ್ಲಿಯ ಹಾಗೆ ಎಡಬದಿಯಲ್ಲಿ. ವೇಗದ ಮಿತಿ 60 ಕಿ.ಮೀ.; ನನ್ನ ಕೇಳಿದರೆ 40 ಸರಿ. ಗಾಳಿ ಬಿಗಿಯಾಗಿ ತುಂಬಿದ ಟೈರು ಜಲ್ಲಿಯ ಚೂಪುಗಲ್ಲಿಗೆ ಬಾಗುವುದಿಲ್ಲ, ಸೀಳುತ್ತದೆ. ಆದ್ದರಿಂದ ಗಾಳಿ ಸ್ವಲ್ಪ ಇಳಿಸಿ, ಸ್ಟೆಪ್ನಿ, ಜಾಕ್ ಎರಡನ್ನೂ ಕ್ಯಾಂಪಿನಲ್ಲೇ ನೋಡಿಕೊಳ್ಳಬೇಕು. ಸಿಂಹಗಳಿರುವ ದಾರಿಯಲ್ಲಿ ಇಳಿದು ಹುಡುಕುವ ಸಾಮಾನಲ್ಲ ಅವು.

ಇನ್ನೊಂದು ಕ್ಯಾಂಪು ಹಾಲಾಲಿಯ ಕಡೆಯ ಸಾಲ್ವಡೋರಾ ಹೊಂಡದ ಹಿಂದೆ ಸುಮಾರು 4,800 ಚದರ ಕಿ.ಮೀ. ಬಿಳಿ ಉಪ್ಪುಬಯಲು ಹರಡಿದೆ. ಬಿಸಿಲು ಬೆನ್ನಿಗೆ ಬೀಳುವ ಹಾಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಮೊದಲು ಜೀಬ್ರಾಗಳು ಸಾಲಾಗಿ ಬಂದು ದೂರದಲ್ಲೇ ನಿಲ್ಲುತ್ತವೆ. ಮುಂದಿನದು ಕಾಲಿಟ್ಟ ಮೇಲೆಯೇ ಉಳಿದವು ನುಗ್ಗುವುದು. ಜಿರಾಫೆಯದು ಬೇರೆಯೇ ಲೆಕ್ಕ. ಸುತ್ತ ನೋಡುತ್ತದೆ, ಮುಂಗಾಲು ಅಗಲಿಸುತ್ತದೆ, ಅನುಮಾನ ಬಂದರೆ ತಟ್ಟನೆ ಒಟ್ಟುಗೂಡಿಸಿ ನಿಲ್ಲುತ್ತದೆ, ಮತ್ತೆ ಮೊದಲಿನಿಂದ. ಕುತ್ತಿಗೆ ಬಗ್ಗಿಸಿದಾಗ ಓಡಲಾಗದು ಅಂತ ಅದಕ್ಕೆ ಗೊತ್ತು. ಎಲ್ಲ ಜಿರಾಫೆಗಳೂ ಒಂದೇ ಪೊದೆ ದಿಟ್ಟಿಸುತ್ತಿದ್ದರೆ ನಿಮ್ಮ ಬೈನಾಕ್ಯುಲರ್ ಕೂಡ ಆ ಪೊದೆಗೇ ತಿರುಗಲಿ.

ಆನೆಗಳು ಬಂದರೆ ಉಳಿದವೆಲ್ಲ ಜಾಗ ಬಿಡುತ್ತವೆ. ಸುಣ್ಣದಂಥ ಜೇಡಿ ಮೆತ್ತಿಕೊಂಡು ಬೆಳ್ಳಗಾದ ಆನೆಗಳು, ಬೋರ್‌ವೆಲ್ ಹೊಂಡವಾದರೆ ತಿಳಿನೀರು ಬೀಳುವ ಪೈಪಿನ ಬಾಯಿಗೇ ಸೊಂಡಿಲಿಡುತ್ತವೆ. ಕಾಡೆಮ್ಮೆ, ನೀರಾನೆ ಇಲ್ಲಿಲ್ಲ. ಹುಡುಕಿ ಪೆಟ್ರೋಲ್ ಸುಡಬೇಡಿ.

ಹಾಲಾಲಿಯಿಂದ ಒಕೌಕ್ವೆಯೊಗೆ ವಾಪಸು 70 ಕಿ.ಮೀ.ಗೂ ಹೆಚ್ಚು. ಗೇಟು ಮುಚ್ಚುವ ಎರಡು ಗಂಟೆ ಮೊದಲೇ ಹೊರಡಿ, ದಾರಿಯಲ್ಲಿ ಆನೆ ಅಡ್ಡ ನಿಂತರೆ ಕಾಯುವುದು ಬಿಟ್ಟು ಗತಿಯಿಲ್ಲ.

ರಾತ್ರಿಯ ಪಾಳಿ ಒಕೌಕ್ವೆಯೊದ ದೀಪದ ಹೊಂಡದ್ದು. ಕಪ್ಪು ಘೇಂಡಾಮೃಗ ಬರುತ್ತದೆ. ಗಿಡ ಎಳೆದು ತಿನ್ನಲು ಮೇಲ್ದುಟಿ ಕೊಕ್ಕಿನಂತೆ ಚೂಪಾಗಿರುತ್ತದೆ. ಅಷ್ಟು ದೂರಕ್ಕೆ ಫ್ಲ್ಯಾಶ್ ತಲುಪುವುದೂ ಇಲ್ಲ, ಹೊಳೆಯುವುದು ಎದುರಿನ ಧೂಳು ಮಾತ್ರ. ಕ್ಯಾಮೆರಾವನ್ನು ಗೋಡೆಯ ಮೇಲೆ ಅಕ್ಕಿ ಚೀಲದ ಮೇಲಿಟ್ಟು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿಸಿ, ಮೃಗ ನೀರು ಕುಡಿಯುತ್ತಾ ಅಲುಗದಿದ್ದಾಗ ಒತ್ತಿ.